ಮೂಡಲಗಿಯ ಹನ್ನೆರಡು ಇಪ್ಪತ್ತೇಳು

ಆಕಾಶದ ಲೆಕ್ಕ ಹೇಳುವಷ್ಟು ಓದು ನನಗಿಲ್ಲ. ಹೇಳುವಾಗ ಎಲ್ಲಾದರೂ ತಪ್ಪಿದರೆ ತಿಳಿದವರು ಮನ್ನಿಸಬೇಕು. ಮೇ ಐದರಂದು ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ, ಮೂಡಲಗಿಯ ನಮ್ಮ ಓಣಿಯಲ್ಲಿ, ದಾಕ್ಷಾಯಿಣಿಯ ಮನೆಯ ಮುಂದೆ ಹತ್ತು ಹನ್ನೆರಡು ಜನ ಒಂದು ಗೇಣುದ್ದದ ಕಬ್ಬಿಣದ ಸಲಾಕೆಯನ್ನು ನೋಡುತ್ತ ನಿಂತಿದ್ದರು. ಬಿಳಿ ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಿದ್ದ ಆ ಸಲಾಕೆಯ ನೆರಳು ಮಾಯವಾಗಬೇಕಿತ್ತು. ಆಗಲಿಲ್ಲ.

"ಐತಲ್ಲವಾ ಇನ್ನೂ!" ಎಂದ ಕಿರಾಣಿ ಅಂಗಡಿಯ ಮುರಿಗೆಪ್ಪ, ಬಗ್ಗಿ ನೋಡಿ. "ಒಂದೂವರಿ ಬೆರಳ ಐತಿ."

"ತಡೀರಿ," ಎಂದಳು ದಾಕ್ಷಾಯಿಣಿ. ಧ್ವನಿಯಲ್ಲಿ ಬಲವಿರಲಿಲ್ಲ.

ನಲವತ್ನಾಲ್ಕನೇ ವಯಸ್ಸಿನಲ್ಲಿ, ಅಂಗನವಾಡಿಯ ಕೆಲಸ ಮಾಡಿಕೊಂಡೇ, ಅವಳು ದೂರಶಿಕ್ಷಣದಲ್ಲಿ ಖಗೋಳಶಾಸ್ತ್ರ ಓದುತ್ತಿದ್ದಳು. ವಿಶ್ವವಿದ್ಯಾಲಯವನ್ನು ಕಣ್ಣಾರೆ ಕಂಡವಳಲ್ಲ. ಅಂಚೆಯಲ್ಲಿ ಬರುವ ಪುಸ್ತಕಗಳೇ ಮೇಷ್ಟರು. ಪ್ರಯೋಗಗಳನ್ನು ಮನೆಯಲ್ಲೇ ಮಾಡಿ ಬರೆದು ಕಳಿಸಬೇಕು. ಸೂರ್ಯ ನೇರ ನೆತ್ತಿಗೆ ಬಂದು, ನೆಟ್ಟಗೆ ನಿಂತದ್ದರ ನೆರಳು ಇಲ್ಲವಾಗುವ ದಿನ ನಮ್ಮ ಕಡೆ ವರ್ಷಕ್ಕೆ ಎರಡೇ. ಮುಂದಿನದು ಆಗಸ್ಟಿನಲ್ಲಿ, ಪ್ರಯೋಗದ ಪುಸ್ತಕ ತಲುಪಬೇಕಾದದ್ದು ಮೇ ಮುಗಿಯುವುದರೊಳಗೆ. ಇವತ್ತು ತಪ್ಪಿದರೆ ಒಂದು ವರ್ಷ ಹೋದಂತೆಯೇ. ದಿನವನ್ನು ಅವಳೇ ಲೆಕ್ಕ ಹಾಕಿ ತೆಗೆದಿದ್ದಳು. ಬಂದು ನೋಡಿರೆಂದು ಓಣಿಗೆಲ್ಲ ಅವಳೇ ಹೇಳಿದ್ದಳು.

"ನೆರಳ ಕಾಣದಂಗ ಮಾಡಾಕ ಇಷ್ಟೊಂದು ಓದು ಯಾಕವಾ?" ಎಂದ ಮುರಿಗೆಪ್ಪ. "ಸಲಾಕಿ ತಗದು ಒಳಗ ಇಡು, ಆತು." ಜನ ನಕ್ಕರು.

ದಾಕ್ಷಾಯಿಣಿಯ ಅತ್ತೆ ಶಿವವ್ವ ಬಾಗಿಲಲ್ಲಿ ನಿಂತೇ ಗದರಿದಳು: "ನೀ ಸುಮ್ನಿರೋ ಮುರಿಗೆಪ್ಪಾ. ನಿನ್ನ ಅಂಗಡ್ಯಾಗ ಗಿರಾಕಿನ ಮಾಯ ಆಗ್ಯಾರ, ಮದಲ ಅದನ್ನ ನೋಡ್ಕೋ ಹೋಗು."

ಹನ್ನೆರಡು ಹತ್ತಾಯಿತು. ಬಿಸಿಲು ತಾಳದೆ ಅರ್ಧ ಜನ ಚದುರಿದರು. ದಾಕ್ಷಾಯಿಣಿ ಕಟ್ಟೆಯ ಮೇಲೆ ಕುಳಿತು, ಸುಳ್ಳು ಬರೆಯಲು ಮನಸ್ಸಾಗದೆ, ಪುಸ್ತಕದಲ್ಲಿ 'ಪ್ರಯೋಗ ವಿಫಲ' ಎಂದು ಬರೆದಳು. ಅಕ್ಷರ ಕಾಣದಷ್ಟು ಕಣ್ಣುಗಳು ತುಂಬಿದ್ದವು.

ಆಗ ಅತ್ತ ಬಂದವರು ಹಿಂದಿನ ಓಣಿಯ ಇಸ್ಮಾಯಿಲ ಕಾಕಾ. ಎಪ್ಪತ್ತು ದಾಟಿದವರು, ಮಸೀದಿಯ ಹಲಗೆಯ ಮೇಲೆ ದಿನದ ನಮಾಜಿನ ವೇಳೆ ಬರೆಯುವುದು ಅವರ ಕೆಲಸ.

"ಯಾಕ ಬೇಟಿ, ಮಾರಿ ಸಣ್ಣ ಮಾಡ್ಕೊಂಡಿ?"

"ನೆರಳ ಹೋಗಲಿಲ್ರಿ ಕಾಕಾ. ಹನ್ನೆರಡ ಆಗಿ ಹೋತು."

"ಹೊತ್ತು ನೆತ್ತಿಗೆ ಬಂದರ ತಾನ ನೆರಳ ಹೋಗೂದು?" ಕಾಕಾ ತಲೆ ಎತ್ತಿ ಕೂಡ ನೋಡಲಿಲ್ಲ. "ಇವತ್ತ ಅದು ಹನ್ನೆರಡು ಇಪ್ಪತ್ತೇಳಕ್ಕ ಐತಿ. ಮುಂಜಾನಿ ಹಲಗಿ ಮ್ಯಾಲ ನಾನ ಬರದೇನಿ. ಹೊತ್ತು ನೆತ್ತಿ ದಾಟಿದ ಮ್ಯಾಲನ ನಮ್ಮ ಮಧ್ಯಾಹ್ನದ ನಮಾಜ. ಗಡಿಯಾರದ ಹನ್ನೆರಡ ನಂಬಿದರ ನಮಗ ನಡೀತೈತೇನು?"

ದಾಕ್ಷಾಯಿಣಿ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಗಡಿಯಾರದ ಹನ್ನೆರಡ ಇಡೀ ದೇಶಕ್ಕ ಒಂದ. ಸೂರ್ಯಾ ನಮ್ಮ ಕಡೆ ತಡಾ ಮಾಡಿ ಬರ್ತಾನ. ಮೂರನೇ ಪಾಠದಾಗ ಐತ್ರಿ ಕಾಕಾ! ಪರೀಕ್ಷಾದಾಗ ಬರದು ಮಾರ್ಕ್ಸೂ ತಗೊಂಡೇನಿ!"

"ಪರೀಕ್ಷಾದಾಗ ಬರದದ್ದು ಮನೀ ಮಟಾ ಬರಾಕ ಹೊತ್ತು ಹಿಡೀತೈತಿ ಬಿಡು," ಎಂದಳು ಶಿವವ್ವ.

ಸುದ್ದಿ ಹೇಗೆ ಹಬ್ಬಿತೋ, ಹೋದವರೆಲ್ಲ ಮರಳಿ ಬಂದರು. ಹನ್ನೆರಡು ಇಪ್ಪತ್ತಕ್ಕೆ ನೆರಳು ಅರ್ಧ ಬೆರಳಿನಷ್ಟೂ ಇರಲಿಲ್ಲ. ಇಪ್ಪತ್ತೈದಕ್ಕೆ ಒಂದು ಗೆರೆ. ಮುರಿಗೆಪ್ಪ ಮೊಣಕಾಲೂರಿ ಕುಳಿತಿದ್ದ. ಮೊದಲು ಕೂಗಿದವನೂ ಅವನೇ. "ಹೋತು! ಹೋತಲೇ!"

ಹಾಳೆಯ ಮೇಲೆ ಸಲಾಕೆಯೊಂದೇ ನಿಂತಿತ್ತು. ಶಿವವ್ವ ಒಳಗಿನಿಂದ ಸ್ಟೀಲಿನ ಲೋಟ ತಂದಿಟ್ಟಳು, ಅದಕ್ಕೂ ನೆರಳಿಲ್ಲ. ಯಾರೋ ನೀರಿನ ಬಾಟಲಿ ಇಟ್ಟರು. ಮುರಿಗೆಪ್ಪ ಎದ್ದು ಸುತ್ತಲೂ ತಿರುಗಿದ. "ನಂದು ಎಲ್ಲಿ ಹೋತು?"

"ನಿನ್ನ ಹೊಟ್ಟಿ ಕೆಳಗ ಐತಿ ನೋಡು," ಎಂದಳು ಶಿವವ್ವ. ಓಣಿಯೇ ನಕ್ಕಿತು. ದಾಕ್ಷಾಯಿಣಿಯೂ ನಗುತ್ತಲೇ ಫೋಟೋ ತೆಗೆದಳು.

"ಬೇಟಿ, ಹುಕ್ಕೇರಿಯಾಗ ಎಷ್ಟಕ್ಕ?" ಕಾಕಾ ಆಗಲೇ ಫೋನು ಕೈಗೆತ್ತಿಕೊಂಡಿದ್ದರು. ಮಗಳು ಶಹನಾಜಳನ್ನು ಅಲ್ಲಿಗೆ ಕೊಟ್ಟಿದ್ದರು.

"ಇಲ್ಲಿಂದ ಗೋಕಾಕ ದಾಟಿ ಅಲ್ಲಿಗೆ ಹೋಗಾಕ ಸೂರ್ಯಾಗ ಒಂದೂವರಿ ಮಿನಿಟ. ಲಗೂನ ಮಾಡ್ರಿ ಕಾಕಾ!"

"ಶಹನಾಜ, ಅಂಗಳಕ್ಕ ಓಡು! ಬಾಟ್ಲಿ ಗೀಟ್ಲಿ ಏನರ ನೆಟ್ಟಗ ಇಡು! ಯಾಕಂತ ಕೇಳಬ್ಯಾಡ!"

ಎಲ್ಲರೂ ಫೋನಿನ ಸುತ್ತ ಸೇರಿದರು. ಚಪ್ಪಲಿಯ ಸಪ್ಪಳ, ಏದುಸಿರು, ಆಮೇಲೆ ಹುಕ್ಕೇರಿಯಿಂದ ಒಂದು ಕೂಗು: "ಅಬ್ಬಾ! ಇದರ ನೆರಳ ಎಲ್ಲೈತಿ?"

ಮೂಡಲಗಿಯಲ್ಲಿ ಚಪ್ಪಾಳೆ ಬಿತ್ತು.

'ವಿಫಲ'ವನ್ನು ಹೊಡೆದುಹಾಕಿ, ಹನ್ನೆರಡು ಇಪ್ಪತ್ತೇಳು ಎಂದು ಬರೆದ ಮೇಲೆ ದಾಕ್ಷಾಯಿಣಿ ಕೇಳಿದಳು: "ಈ ಲೆಕ್ಕಾ ಮಾಡಿದವರು ಯಾರ್ರಿ ಕಾಕಾ?"

"ನಮ್ಮ ಅಪ್ಪನ ನೋಟಬುಕ್ಕಿನಾಗ ಐತಿ. ಅವ ಮತ್ಯಾರದೋ ನೋಡಿ ಬರಕೊಂಡಾನ. ಅವರಕಿಂತ ಮದಲ..." ಕಾಕಾ ಬಿಸಿಲಿನತ್ತ ನೋಡಿದರು. "ಯಾರೋ ಒಬ್ಬಾವ ವರ್ಷಾನಗಟ್ಟಲೆ ಹಿಂಗ ಕೋಲ ನೆಟ್ಟು ನಿಂತಿರಬೇಕವಾ."

ಪುಸ್ತಕದ ಆ ಪುಟದ ಕೆಳಗೆ 'ನೆರವಾದವರು' ಎಂದು ಎರಡು ಗೆರೆಗಳಿದ್ದವು. ಎರಡನೆಯದರಲ್ಲಿ ದಾಕ್ಷಾಯಿಣಿ 'ಇಸ್ಮಾಯಿಲ, ಮೂಡಲಗಿ' ಎಂದು ಬರೆದು, ಮೊದಲನೆಯದನ್ನು ಹಾಗೇ ಬಿಟ್ಟು ಅಂಚೆಗೆ ಹಾಕಿದಳು. ಅಲ್ಲಿ ಇರಬೇಕಾದ ಹೆಸರು ಯಾವುದೆಂದು ನನಗೂ ಗೊತ್ತಿಲ್ಲ.