ಓದದೆ ಇಟ್ಟ ಸಾಲು

ಲ್ಯಾಬಿನ ಆ ಅಳತೆಯ ಯಂತ್ರಕ್ಕೆ ದೂರದಿಂದಲೇ ಆಜ್ಞೆ ಕಳಿಸಬಹುದಿತ್ತು. ಅರ್ಥವಾಗದ ಮಾತು ಬಂದರೆ ಅದನ್ನು ತಪ್ಪೆಂದು ಬರೆದುಕೊಂಡು, ಬಂದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಳ್ಳುತ್ತಿತ್ತು. ಒಂದು ಸಲ ಓದಿದರೆ ಅಳಿಸಿಹೋಗುತ್ತಿತ್ತು. ಅಲ್ಲೇ ಕೆಲಸಕ್ಕಿದ್ದ ಮಂದಾಕಿನಿಯೂ ಅವಳ ಗಂಡನೂ ಪ್ರೀತಿ ಮಾಡಿದ್ದೇ, ಒಬ್ಬರು ಓದಲೆಂದು ಇನ್ನೊಬ್ಬರು ಯಂತ್ರಕ್ಕೆ ಇಂಥ ತಪ್ಪುಗಳನ್ನು ಬೇಕೆಂದೇ ಕಳಿಸಿಕೊಂಡು.

ಗಂಟಲಿಗೆ ನಳಿಗೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ ಮೇಲೂ ಅವನು ಲ್ಯಾಪ್‌ಟಾಪಿನಿಂದ ಯಂತ್ರಕ್ಕೆ ಏನೇನೋ ಕಳಿಸುತ್ತಿದ್ದ. 'ಈಗ್ಲೇ ಓದ್ಬೇಡ. ನಾನು ಬಂದ್ಮೇಲೆ ಒಟ್ಟಿಗೆ ಓದೋಣ' ಎಂದು ಚೀಟಿ ಬರೆದುಕೊಟ್ಟಿದ್ದ. ಅವನು ಬರಲಿಲ್ಲ.

"ಕೊನೇ ದಿನ ಒಂದೇ ಮಾತನ್ನ ಅರ್ಧ ಗಂಟೆ ಟೈಪ್ ಮಾಡಿದ್ರು ಮೇಡಂ. ಅದನ್ನ ಕಳ್ಸಿದ್ಮೇಲೇ ಕಣ್ಣು ಮುಚ್ಚಿದ್ದು," ಎಂದಿದ್ದಳು ನರ್ಸ್.

ಓದಿದರೆ ಅದೂ ಮುಗಿದುಹೋಗುತ್ತದಲ್ಲ ಎಂದು ಮಂದಾಕಿನಿ ನಾಲ್ಕು ತಿಂಗಳು ಯಂತ್ರವನ್ನು ಮುಟ್ಟಲಿಲ್ಲ, ಯಾರಿಗೂ ಆರಿಸಲು ಬಿಡಲಿಲ್ಲ.

"ಇವತ್ತು ರಿಪೇರಿಗೆ ಕಳಿಸ್ಲೇಬೇಕು ಮೇಡಂ. ಆಫ್ ಮಾಡಿದ್ರೆ ಎಲ್ಲಾ ಹೋಗ್ಬಿಡುತ್ತೆ," ಎಂದ ಸಹೋದ್ಯೋಗಿ ಪೊನ್ನಪ್ಪ.

"ಓದ್ತೀನಿ. ನೀವು ಬರ್ಕೊಳ್ಳಿ."

ಮೊದಲನೆಯದು, ಊಟ ಆಯ್ತಾ. ಏಳನೆಯದು, ನಾಳೆ ಆ ಹಸಿರು ಸೀರೆ ಉಟ್ಕೊಂಡು ಬಾ. ಹತ್ತೊಂಬತ್ತನೆಯದು, ಒಂದು ವಿಷಯ ನಿಂಗೆ ಹೇಳೇ ಇಲ್ಲ ಕಣೇ, ನಾಳೆ ಹೇಳ್ತೀನಿ.

ಪರದೆಯ ಲೆಕ್ಕದಂತೆ ಇನ್ನೊಂದೇ ಉಳಿದಿತ್ತು. ಪೊನ್ನಪ್ಪ ಪೆನ್ನು ಹಿಡಿದು ಕಾದ. ಅವಳು ಗುಂಡಿ ಒತ್ತಿದಳು.

ಪರದೆಯ ಮೇಲೆ ಯಂತ್ರದ್ದೇ ಮಾತು ಮೂಡಿತು: 'ಓದದ ಸಾಲು ತುಂಬಿದೆ. ಆಮೇಲೆ ಬಂದದ್ದನ್ನು ಉಳಿಸಿಕೊಂಡಿಲ್ಲ.'