ಬೆರಳು ತಾಗಿಸಿ ಹೋಗಿ

"ಕುಡೀರಿ ಅಳಿಯಂದ್ರೇ, ಆರಿಹೋಗತ್ತೆ." ಲೆಮಾಯ್ ಕಾಫಿ ಲೋಟವನ್ನು ಮೂರನೆಯ ಸಲ ಮುಂದಕ್ಕೆ ಸರಿಸಿದಳು.

ಗನಿಂಗ್ ಲೋಟವನ್ನು ನೋಡಿದ. ಕುಡಿಯಲಿಲ್ಲ. ಮೂರು ದಿನದ ಹಿಂದಷ್ಟೇ ಮಗಳ ತುಟಿ ಒಡೆದವನಿಗೆ ತಾಯಿ ಇಷ್ಟು ಅಕ್ಕರೆಯಿಂದ ಕಾಫಿ ಕೊಡುತ್ತಾಳೆಂದರೆ ಅದರಲ್ಲಿ ಏನೋ ಬೆರೆತಿರಲೇಬೇಕು. ಅವನ ಬಲಗೈ ಗೆಣ್ಣು ಇನ್ನೂ ಊದಿಕೊಂಡಿತ್ತು.

"ಸುಲಾವ್‌ನ ಕರೀರಿ ಅತ್ತೆ. ಹತ್ತು ಗಂಟೆ ದೋಣಿಗೆ ಕರ್ಕೊಂಡು ಹೋಗ್ಬೇಕು. ಇವತ್ತಿಗೆ ಅದೊಂದೇ."

"ಹೊರಡೋಕೇ ತಯಾರಾಗ್ತಿದಾಳೆ. ಆ ದೋಣಿ ಸಿಬು ಪೇಟೆವರೆಗೂ ಹೋಗತ್ತಲ್ವಾ?"

"ಹೋಗತ್ತೆ. ನಾವು ಮಧ್ಯದಲ್ಲೇ ಇಳೀತೀವಿ."

ಹೆಂಡತಿ ಒಳಗಿದ್ದಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವನೇ ಕೊಡಿಸಿದ ನೀಲಿ ಪಟ್ಟಿಯ ಚಪ್ಪಲಿ ಬಾಗಿಲಲ್ಲಿತ್ತು. ನುಗ್ಗಿ ಎಳೆದು ತರಬಹುದಿತ್ತು. ಆದರೆ ಕರೆಯದೆ ಹೊಸ್ತಿಲು ದಾಟಿದರೆ ಒಂದೇ ಸೂರಿನಡಿ ಸಾಲಾಗಿ ಬದುಕುವ ಹನ್ನೆರಡು ಮನೆಯವರೂ ಎದ್ದು ಬರುತ್ತಿದ್ದರು. ಕೈ ಮಾಡುವುದೇನಿದ್ದರೂ ತನ್ನ ಮನೆಯ ಬಾಗಿಲು ಹಾಕಿಕೊಂಡ ಮೇಲೆ. ಹೊರಗೆ ಗನಿಂಗ್ ಬಲು ಮರ್ಯಾದಸ್ಥ.

ಹಾಗಾಗಿ ಉದ್ದ ಜಗಲಿಯಲ್ಲಿ ಅತ್ತೆ ತೋರಿಸಿದ ಅತಿಥಿಯ ಜಾಗದಲ್ಲಿ, ನದಿಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ಕುಳಿತಿದ್ದ. ಪರದೆ ಅಲುಗಿದಾಗಲೆಲ್ಲ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಬರೀ ಗಾಳಿ. ಹಿತ್ತಲಿನ ಏಣಿಯ ಬಳಿ ಕೋಳಿಗಳು ಗಲಾಟೆ ಮಾಡಿ ಸುಮ್ಮನಾದವು.

"ಕುಡಿಯಲ್ಲ ಅಂದ್ರೆ ಬೆರಳಾದ್ರೂ ತಾಗಿಸಿ," ಎಂದಳು ಲೆಮಾಯ್. "ನಿಮ್ಮ ಚಿಕ್ಕಪ್ಪನ ಕಥೆ ಮರೆತ್ರಾ?"

ಮರೆಯುವುದೆಲ್ಲಿಂದ ಬಂತು. ಕೊಟ್ಟ ಅನ್ನವನ್ನು ಮುಟ್ಟದೆ ಎದ್ದುಹೋದ ಚಿಕ್ಕಪ್ಪನನ್ನು ಅದೇ ಸಂಜೆ ಮೊಸಳೆ ಎಳೆದುಕೊಂಡು ಹೋಗಿತ್ತು. ತಿನ್ನದಿದ್ದರೂ ಸರಿ, ಕೊಟ್ಟದ್ದಕ್ಕೆ ಬೆರಳು ತಾಗಿಸಿಯೇ ಏಳಬೇಕು. ಇಲ್ಲವಾದರೆ ನದಿ ಬಿಡುವುದಿಲ್ಲ.

ಲೋಟದ ಅಂಚಿಗೆ ಬೆರಳು ತಾಗಿಸಿ, ಆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮರ್ಯಾದೆಯೂ ಉಳಿಯಿತು, ಜೀವವೂ ಉಳಿಯಿತು. ತನ್ನ ಜಾಣತನಕ್ಕೆ ಅವನಿಗೇ ಖುಷಿಯಾಯಿತು.

ದೋಣಿಯ ಮೊದಲ ಹಾರನ್ ಕೇಳಿಸಿತು. ಗನಿಂಗ್ ಎದ್ದ.

"ನಾನು ಹೋಗಿ ದೋಣಿ ನಿಲ್ಲಿಸಿರ್ತೀನಿ. ಅವಳನ್ನ ಕಳಿಸಿ."

"ಕಳಿಸ್ದೆ ಇರ್ತೀನಾ?"

ಕಂಬಗಳ ಮೇಲೆ ನಿಂತ ಆ ಜಗಲಿಯಿಂದ ಇಳಿಯಲು ಮೆಟ್ಟಿಲಿದ್ದದ್ದು ಆಚೆ ತುದಿಯಲ್ಲಿ. ನಡುವೆ ಹನ್ನೊಂದು ಬಾಗಿಲು. ಮೊದಲನೆಯದರಲ್ಲೇ ಒಬ್ಬ ಮುದುಕಿ ಕಡುಬಿನ ತಟ್ಟೆ ಹಿಡಿದು ನಿಂತಿದ್ದಳು.

"ಅಳಿಯ ಬಂದು ಒಣಬಾಯಲ್ಲಿ ಹೋಗೋದುಂಟಾ?"

ಮುಟ್ಟಿದ, ಒರೆಸಿಕೊಂಡ, ಹೊರಟ. ಮುಂದಿನ ಬಾಗಿಲಲ್ಲಿ ಬೇಯಿಸಿದ ಗೆಣಸು. ಅದರಾಚೆ ಹೊಗೆಮೀನು. ಊರಿಗೂರೇ ಸೇರಿ ವಿಷ ಹಾಕಲು ನಿಂತಿದೆಯೇ? ಇಂದೇಕೆ ಇವರಿಗೆಲ್ಲ ಇಷ್ಟು ಪ್ರೀತಿ? ಬೆವರು ಕಣ್ಣಿಗಿಳಿಯಿತು. ಏಳನೆಯ ಬಾಗಿಲಲ್ಲಿ ಮುದುಕ ಉಂಚಾತ್ ಬರಿಗೈಯಲ್ಲಿದ್ದ.

"ನಿಲ್ಲಪ್ಪಾ, ಬಾಳೆಹಣ್ಣು ತರ್ತೀನಿ. ಕೊಡ್ತೀನಿ ಅಂತ ಬಾಯಲ್ಲಿ ಅಂದಾಯ್ತು, ಇನ್ನು ನೀನು ಮುಟ್ದೆ ಹೋಗೋ ಹಾಗಿಲ್ಲ." ಒಳಗೆ ಹೋದವನು ಬೇಗ ಬರಲಿಲ್ಲ. ಒಳಗಿನಿಂದ ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಗನಿಂಗ್ ಕುದಿಯುತ್ತ ನಿಂತ. ಎರಡನೆಯ ಹಾರನ್ ಆಯಿತು.

ಹನ್ನೊಂದನೆಯ ತಟ್ಟೆಯನ್ನು ಮುಟ್ಟಿ, ಮೆಟ್ಟಿಲಿಳಿದು ನದಿಯ ಕಟ್ಟೆಗೆ ಓಡುವಷ್ಟರಲ್ಲಿ ದೋಣಿಯ ಹಗ್ಗ ಬಿಚ್ಚಿಯಾಗಿತ್ತು. ಹಾಳಾಗಿ ಹೋಗಲಿ ಎಂದುಕೊಂಡ. ನಾಳೆಯೂ ದೋಣಿ ಇದೆ. ಅವಳಂತೂ ಒಳಗೇ ಇದ್ದಾಳಲ್ಲ.

ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಲೆಮಾಯ್ ನಿಂತಿದ್ದಳು. ಅವನ ಕಾಫಿಯನ್ನು ಕೊನೆಯ ಗುಟುಕಿನವರೆಗೂ ತಾನೇ ಕುಡಿದು ಲೋಟ ಇಳಿಸಿದಳು.

"ಆರಿದ್ರೂ ಚೆನ್ನಾಗಿತ್ತು ಅಳಿಯಂದ್ರೇ."

ಅವಳು ನೋಡುತ್ತಿದ್ದದ್ದು ಅವನನ್ನಲ್ಲ. ಗನಿಂಗ್ ನದಿಯತ್ತ ಹೊರಳಿದ.

ಕಟ್ಟೆಯ ಮುಂದೆಯೇ ಹಾದುಹೋದ ದೋಣಿಯ ಕೊನೆಯ ಕಿಟಕಿಯಲ್ಲಿ, ಬರಿಗಾಲು ಮಡಚಿ ಕುಳಿತ ಸುಲಾವ್, ಮಡಿಲಲ್ಲಿದ್ದ ಹನ್ನೆರಡು ಮನೆಗಳ ಹನ್ನೆರಡು ಬಾಳೆಲೆ ಪೊಟ್ಟಣಗಳಲ್ಲಿ ಮೊದಲನೆಯದನ್ನು ಬಿಚ್ಚುತ್ತಿದ್ದಳು.