ಕೊನೆಯ ಬೆಲ್‌ಗೆ ಟೋಕನ್ ಯಾರ ಹತ್ರ?

ರಾಣೆಬೆನ್ನೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಟೀಚರ್ ವತ್ಸಲಾ ಮಿಸ್. ಇಪ್ಪತ್ತೆರಡು ವರ್ಷದ ಸರ್ವಿಸ್... ಪಾಠಕ್ಕೆ ನಿಂತರೆ ಬೆಲ್ ಹೊಡೆದದ್ದೂ ಮಕ್ಕಳಿಗೆ ಕೇಳಿಸುತ್ತಿರಲಿಲ್ಲ.

ಆ ವರ್ಷ ಒಂದು ಕಾದಂಬರಿ ಪಾಠಕ್ಕಿತ್ತು. ಮುಂದೆಂದೋ ಬರಬಹುದಾದ ಭಯಂಕರ ಕಾಲದ ಕಥೆ.

ಆ ಕಥೆಯ ಊರಿನಲ್ಲಿ ಸರ್ಕಾರ ಮಾತುಗಳನ್ನೇ ನಿಷೇಧಿಸುತ್ತದೆ. ಬೇಡದ ಮಾತು ಆಡಿದವನಿಗೆ ಶಿಕ್ಷೆ. ಪಾರಾಗಬೇಕಾದರೆ ಒಂದೇ ದಾರಿ... ಪಕ್ಕದ ಮನೆಯವನ ಹೆಸರು ಹೇಳಬೇಕು!

"ಎಂಥ ಕ್ರೂರ ಜನ ನೋಡಿ..." ಅಂತ ಮಿಸ್ ಹೇಳುವಾಗ ಅವರ ಕಣ್ಣೇ ಒದ್ದೆಯಾಗುತ್ತಿತ್ತು.

ಆ ಪುಸ್ತಕದಿಂದಲೇ ದಿನಕ್ಕೆ ಹತ್ತು ಹೊಸ ಪದ. ಫ್ರೀಡಂ, ಸೈಲೆನ್ಸ್, ಇನ್ಫಾರ್ಮರ್... ಬೋರ್ಡಿನ ಬಲಗಡೆ ದುಂಡಗೆ ಬರೆಯುತ್ತಿದ್ದರು.

ಮಕ್ಕಳ ಇಂಗ್ಲಿಷ್ ಬೇಗ ಸುಧಾರಿಸಲಿ ಅಂತ ಮಿಸ್ ಇನ್ನೊಂದು ಪದ್ಧತಿಯನ್ನೂ ತಂದಿದ್ದರು. ಅದೇ ಟೋಕನ್.

ಅಂಗೈ ಅಗಲದ ಒಂದು ಮರದ ತುಂಡು, ಅದಕ್ಕೊಂದು ದಾರ. ಕನ್ನಡ ಮಾತಾಡಿದವರು ಅದನ್ನು ಕೊರಳಿಗೆ ಹಾಕಿಕೊಳ್ಳಬೇಕು. ಕಳಚಬೇಕಾದರೆ ಕನ್ನಡ ಮಾತಾಡಿದ ಇನ್ನೊಬ್ಬರ ಹೆಸರು ಕ್ಲಾಸ್ ಲೀಡರ್‌ಗೆ ಹೇಳಬೇಕು. ಕೊನೆಯ ಬೆಲ್‌ಗೆ ಯಾರ ಕೊರಳಲ್ಲಿ ಇರುತ್ತದೋ ಅವರು ಅದನ್ನು ಮನೆಗೆ ಒಯ್ಯಬೇಕು, ಆ ದಿನದ ಹತ್ತೂ ಪದಗಳನ್ನು ಐವತ್ತೈವತ್ತು ಸಲ ಬರೆದು ತರಬೇಕು.

ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರು ಅಂತಾರಲ್ಲ... ಮಿಸ್ ಕಥೆ ಹಾಗಾಗಿತ್ತು. ಅವರಿಗೆ ಮಾತ್ರ ಕಾಣಲಿಲ್ಲ. ಹೆಡ್‌ಮಾಸ್ಟರ್ ಬೇರೆ ಮೀಟಿಂಗ್‌ನಲ್ಲಿ ಈ ಪದ್ಧತಿಯನ್ನು ಹೊಗಳಿದ್ದರು.

ಜುಲೈ ತಿಂಗಳಿಂದ ಸಂಜೆ ನೋಡಿದರೆ ಟೋಕನ್ ಒಬ್ಬಳ ಕೊರಳಲ್ಲೇ. ದಾಕ್ಷಾಯಿಣಿ... ಹಿಂದಿನ ಬೆಂಚಿನ ಸಣಕಲು ಹುಡುಗಿ.

"ಒಂದು ದಿನಾನಾದ್ರೂ ಇಂಗ್ಲಿಷ್ ಮಾತಾಡೋಕೆ ಆಗಲ್ವಾ ನಿನಗೆ?" ಅಂತ ಮಿಸ್ ಎಲ್ಲರೆದುರು ಬೈದರು.

ಹುಡುಗಿ ತಲೆ ತಗ್ಗಿಸಿ ನಿಂತಳು.

ಕೊನೆಗೆ ಮಿಸ್ ಅವಳ ತಾಯಿಯನ್ನು ಕರೆಸಿದರು. "ನಿಮ್ಮ ಮಗಳಿಗೆ ಇಂಗ್ಲಿಷ್ ಮೀಡಿಯಂ ಆಗಿಬರಲ್ಲ. ಕನ್ನಡ ಶಾಲೆಗೆ ಹಾಕಿಬಿಡಿ" ಅಂದರು. ತಾಯಿ ಸೆರಗು ಹಿಡಿದುಕೊಂಡು "ಆತ್ರಿ" ಅಂದಳು, ಅಷ್ಟೇ.

ದಸರಾ ರಜೆ ಮುಗಿಯಿತು... ದಾಕ್ಷಾಯಿಣಿ ಬರಲಿಲ್ಲ. ಟಿಸಿ ತೆಗೆದುಕೊಂಡು ಸರ್ಕಾರಿ ಶಾಲೆಗೆ ಸೇರಿದ್ದಳು. ಟೋಕನ್ ಆಫೀಸಿಗೆ ವಾಪಸ್ ಬಂದಿತ್ತು.

ಅದೇ ವಾರ ಮಿಸ್ ಒಂದು ಹಳೆ ಕಟ್ಟು ಬಿಚ್ಚಿದರು. ರಜೆಗೆ ಮೊದಲು ಕೊಟ್ಟ ಟೆಸ್ಟ್ ಪೇಪರ್‌ಗಳು. ಪ್ರಶ್ನೆ ಒಂದೇ ಇತ್ತು... ನೀವು ಆ ಕಾದಂಬರಿಯ ಊರಿನಲ್ಲಿದ್ದರೆ ಏನು ಮಾಡುತ್ತಿದ್ದಿರಿ?

ಎಲ್ಲರೂ ಓಡಿಹೋಗುವುದು, ಯುದ್ಧ ಮಾಡುವುದು ಬರೆದಿದ್ದರು. ಕಟ್ಟಿನ ತಳದಲ್ಲಿ ದಾಕ್ಷಾಯಿಣಿಯ ಪೇಪರ್. ಇವಳೇನು ಬರೆದಿರ್ತಾಳೆ ಅಂತ ಮಿಸ್ ತಾವೇ ಅದನ್ನು ಕೆಳಗೆ ಇಟ್ಟಿದ್ದರು.

ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಅವಳು ಬರೆದಿದ್ದಳು...

"ನಾನು ಆ ಊರಿನಲ್ಲೇ ಇದ್ದೇನೆ ಮಿಸ್. ಟೋಕನ್ ಕಳಚಬೇಕಾದರೆ ನಾನು ಒಬ್ಬರ ಹೆಸರು ಹೇಳಬೇಕು. ಅವರೆಲ್ಲ ನನ್ನ ಫ್ರೆಂಡ್ಸ್. ಅದಕ್ಕೇ ನಾನು ಯಾರಿಗೂ ಕೊಡುವುದಿಲ್ಲ, ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ."

ಮಿಸ್ ಪೇಪರ್ ಹಿಡಿದುಕೊಂಡೇ ಎದ್ದರು. ಓಡಿದ ಹಾಗೆ ಕ್ಲಾಸಿಗೆ ಹೋಗಿ ಲೀಡರ್ ಹುಡುಗಿಯನ್ನು ಕೇಳಿದರು. "ನಿಜ ಹೇಳು. ದಾಕ್ಷಾಯಿಣಿ ದಿನಾ ಕನ್ನಡ ಮಾತಾಡ್ತಿದ್ಳಾ?"

ಅವಳು ಅಳುವುದಕ್ಕೇ ಶುರುಮಾಡಿದಳು. "ಇಲ್ಲ ಮಿಸ್... ಲಾಸ್ಟ್ ಪೀರಿಯಡ್‌ನಲ್ಲಿ ಯಾರ ಹತ್ರ ಇದ್ರೂ ಅವಳ ಹೆಸರೇ ಹೇಳ್ತಿದ್ವಿ. ಅವಳು ತಿರುಗಿ ಯಾರ ಹೆಸರೂ ಹೇಳ್ತಿರ್ಲಿಲ್ಲ ಮಿಸ್..."

ಅವತ್ತು ಸಂಜೆಯೇ ಮಿಸ್ ದಾಕ್ಷಾಯಿಣಿಯ ಮನೆ ಹುಡುಕಿಕೊಂಡು ಹೋದರು.

ಬಾಗಿಲಲ್ಲಿ ನೆರೆಮನೆಯ ಪುಟ್ಟ ಹುಡುಗಿಯ ಜೊತೆ ನಗುತ್ತಾ ಕೂತಿದ್ದ ದಾಕ್ಷಾಯಿಣಿ ಮಿಸ್‌ನ ನೋಡಿದ್ದೇ ಎದ್ದು ನಿಂತಳು. ನಗು ಹೋಯಿತು. ಕೈ ಕಟ್ಟಿಕೊಂಡು "ಗುಡ್ ಈವ್ನಿಂಗ್ ಮಿಸ್" ಅಂದಳು.

"ಕನ್ನಡದಲ್ಲೇ ಮಾತಾಡವ್ವಾ..." ಅಂದರು ಮಿಸ್.

ಹುಡುಗಿ ಮಿಸ್‌ನ ಎರಡೂ ಕೈ ನೋಡಿದಳು. ಹೆಗಲಿನ ಬ್ಯಾಗ್ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು... "ಟೋಕನ್ ತಂದಿಲ್ಲೇನ್ರಿ ಮಿಸ್?"

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮಾತು ಕಲಿಸಿದ ಮಿಸ್ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ತಾಯಿ ನೀರು ತಂದುಕೊಟ್ಟಳು. "ಮತ್ತೆ ನಮ್ಮ ಶಾಲೆಗೇ ಕಳಿಸಿ, ತಪ್ಪು ನನ್ನದು" ಅಂತ ಮಿಸ್ ಕೈ ಮುಗಿದರು.

ತಾಯಿ ಸಿಟ್ಟು ಮಾಡಲಿಲ್ಲ. "ಬ್ಯಾಡ್ರಿ ಮಿಸ್. ಚೀಲದಾಗ ಆ ಕಟ್ಟಿಗಿ ಇದ್ರ ಮನ್ಯಾಗೂ ಬಾಯಿ ತೆಗೀತಿರಲಿಲ್ರಿ ಇಕಿ. ನನ್ನ ಕೂಡಾನೂ ಮಾತಿಲ್ಲ... ಈಗ ನಗತಾಳ್ರಿ. ಅಷ್ಟ ಸಾಕು."

ಮಿಸ್ ಒಬ್ಬರೇ ವಾಪಸ್ ಬಂದರು. ದಾರಿಯುದ್ದಕ್ಕೂ ಅತ್ತರು. ಆ ಪೇಪರನ್ನು ರಜೆಗೆ ಮೊದಲೇ ಓದಿದ್ದರೆ... ಒಂದೇ ಒಂದು ಸಲ ಆ ಮಗುವನ್ನು ಹತ್ತಿರ ಕರೆದು ಕೇಳಿದ್ದರೆ...

ಮರುದಿನ ಕೊನೆಯ ಬೆಲ್ ಹೊಡೆಯಿತು. ಮುಂದಿನ ಬೆಂಚಿನ ಒಬ್ಬಳು ರೂಢಿಯಂತೆ ಕೇಳಿದಳು, "ಮಿಸ್, ಇವತ್ತು ಟೋಕನ್ ಯಾರ ಹತ್ರ?"

ಮಿಸ್ ಸೆರಗಿನ ಮರೆಯಿಂದ ಕೊರಳಿನ ದಾರ ಎತ್ತಿ ತೋರಿಸಿದರು.

"ನನ್ನ ಹತ್ರ ಇದೆ... ಇನ್ನು ಯಾರಿಗೂ ಕೊಡಲ್ಲ."

* * *

ಮಗುವಿಗೆ ಸಾವಿರ ಪದ ಕಲಿಸುವ ಆತುರದಲ್ಲಿ, ಅದರ ಬಾಯಲ್ಲಿರುವ ಮಾತನ್ನು ಕಿತ್ತುಕೊಳ್ಳಬೇಡಿ.

ನಿಮ್ಮ ಮನೆಯಲ್ಲಿ, ನಿಮ್ಮ ಕ್ಲಾಸಿನಲ್ಲಿ ಸುಮ್ಮನಾಗಿಬಿಟ್ಟ ಮಗು ಯಾವುದು... ಅದು ಯಾಕೆ ಸುಮ್ಮನಾಯಿತು ಅಂತ ಒಮ್ಮೆಯಾದರೂ ಕೇಳಿದ್ದೀರಾ?